ಬಿಳಿಯವರ ಸರದಿ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನಿಗೆ ಅಕ್ಕನ ಮಕ್ಕಳು ಇಟ್ಟ ಹೆಸರು ಪೊಟ್ಟಣ ಮಾಮ. ಹಗಲೆಲ್ಲ ಅವನು ಯಾರೋ ಮಾಡಿದ ಗಾಜು ಇನ್ಯಾರದೋ ಚೌಕಟ್ಟಿಗೆ ಕೂರುವಂತೆ ಅಂಚು ಸವರುತ್ತಾನೆ. ಸಂಜೆ ಕಂಪ್ಯೂಟರಿನ ಮುಂದೆ ಮಾಡುವುದೂ ಅದನ್ನೇ. ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ಮಿಗೆ ಹೊರಗಿನವರು ಬರೆದ ಪ್ರೋಗ್ರಾಮುಗಳನ್ನು ಹೊಂದಿಸಿ, ಪೊಟ್ಟಣ ಕಟ್ಟಿಡುತ್ತಾನೆ; ಅಲ್ಲಿಯವರು ಅದನ್ನು ಪ್ಯಾಕೇಜ್ ಅನ್ನುತ್ತಾರೆ. ಹೊಸ ಆವೃತ್ತಿ ಬಂದರೆ ಬಿಚ್ಚಿ ಮತ್ತೆ ಕಟ್ಟುತ್ತಾನೆ.

"ನಿನ್ನ ಪ್ಯಾಕೇಜ್ ಎಷ್ಟಪ್ಪಾ ಈಗ?" ಊಟಕ್ಕೆ ಕೂತಾಗಲೆಲ್ಲ ಭಾವ ಕೆಣಕುತ್ತಾರೆ.

"ಹನ್ನೊಂದು, ಭಾವ."

"ಸಂಬಳ?"

"ಆ ಪ್ರೋಗ್ರಾಮ್ ಇನ್ನೂ ಯಾರೂ ಬರೆದಿಲ್ಲ. ಬರೆದ್ರೆ ಅದನ್ನೂ ಕಟ್ತೀನಿ."

ಈ ಕೆಲಸದಲ್ಲಿ ಮೌನವೇ ಶಹಬ್ಬಾಸ್‌ಗಿರಿ. ಎಲ್ಲ ಸರಿಯಿದ್ದರೆ ಯಾರೂ ಮಾತಾಡುವುದಿಲ್ಲ, ಕೆಟ್ಟರೆ ಮಾತ್ರ ಬೈದು ಬರೆಯುತ್ತಾರೆ. ಹನ್ನೊಂದರಲ್ಲಿ ಅವನ ಮುದ್ದಿನದು ಚದುರಂಗ. ದೂರದೂರದ ಇಬ್ಬರು ಅವರವರ ಮನೆಯಲ್ಲೇ ಕೂತು ಆಡುವಂಥದ್ದು. ಅದನ್ನು ಪರೀಕ್ಷಿಸುವಾಗ ಅವನು ಪರದೆಯ ಮೇಲೆ ಎರಡು ಕಿಟಕಿ ತೆರೆದು, ಎಡಗೈಗೆ ಬಿಳಿ ಬಲಗೈಗೆ ಕಪ್ಪು ಕೊಟ್ಟು, ತನ್ನನ್ನು ತಾನೇ ಸೋಲಿಸುತ್ತಿದ್ದ. ಎಡಗೈ ಮೋಸ ಮಾಡುತ್ತದೆಂಬ ಗುಮಾನಿಯೂ ಅವನಿಗಿತ್ತು.

ಹೋದ ವರ್ಷ ಚದುರಂಗದ ಹೊಸ ಪೊಟ್ಟಣ ಕಟ್ಟಿದ ಮೇಲೆ ಒಂದೇ ಒಂದು ದೂರು ಬರಲಿಲ್ಲ. ಒಳಗೊಳಗೇ ಬೀಗಿದ್ದ. ಮೊನ್ನೆ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಹೊಸದಕ್ಕೆ ಎಲ್ಲ ತುಂಬಿಸಿ ಆಟ ತೆರೆದರೆ ಬರೀ ಮನೆಗಳು. ರಾಜನೂ ಇಲ್ಲ, ಕಾಲಾಳೂ ಇಲ್ಲ. ಕಾಯಿಗಳ ಚಿತ್ರವಿದ್ದ ಕಡತವನ್ನು ಪೊಟ್ಟಣಕ್ಕೆ ಸೇರಿಸುವುದನ್ನೇ ಅವನು ಮರೆತಿದ್ದ. ಹಳೆಯ ಯಂತ್ರದಲ್ಲಿ ಎಂದೋ ಇಟ್ಟ ಪ್ರತಿ ಹಾಗೇ ಬಿದ್ದಿದ್ದರಿಂದ ಅವನಿಗೆ ಮಾತ್ರ ಎಲ್ಲ ನೆಟ್ಟಗೆ ಕಂಡಿತ್ತು. ಮಿಕ್ಕ ಲೋಕಕ್ಕೆಲ್ಲ ವರ್ಷವಿಡೀ ಖಾಲಿ ಹಲಗೆ.

"ಯಾರೂ ಬೈದಿಲ್ವಲ್ಲೋ, ಒಳ್ಳೇದೇ ಆಯ್ತು ಬಿಡು," ಅಂದಳು ಬಟ್ಟೆ ಮಡಚುತ್ತಿದ್ದ ಅಕ್ಕ.

"ಬೈಯೋಕೂ ಒಬ್ರು ಇಲ್ಲ ಅಂತ ಅಕ್ಕಾ ಅದರರ್ಥ."

ಅಕ್ಕನ ಕೈ ನಿಂತಿತು. "ಹಾಗಾದ್ರೆ ಯಾರಿಗೋಸ್ಕರ ಮಾಡ್ತೀಯ ಮಾರಾಯ? ಎತ್ತಿ ಬಿಸಾಕು."

ಬಿಸಾಕಲು, ಈ ಪೊಟ್ಟಣ ಇನ್ನು ಬೇಡವೆಂದು ಒಂದು ಸಾಲು ಬರೆದರೆ ಸಾಕಿತ್ತು. ಬರೆದ, ಅಳಿಸಿದ. ಬದಲಿಗೆ ತಪ್ಪನ್ನು ತಿದ್ದಿ ಕಳಿಸಿದ. ತಿದ್ದಿದ್ದನ್ನು ಒಳಗೆ ಸೇರಿಸುವ ಮೊದಲು ಇನ್ನೊಬ್ಬರು ಪರೀಕ್ಷಿಸಿ ಒಪ್ಪಬೇಕೆಂಬುದು ಆ ಸಿಸ್ಟಮ್ ಕಟ್ಟುವವರ ಕಟ್ಟಳೆ. ಅವನ ಪೊಟ್ಟಣಗಳನ್ನು ನೋಡುವಾತ ಎಲ್ಲೋ ಬೇರೆ ದೇಶದವನು. ಇಷ್ಟು ವರ್ಷದಲ್ಲಿ ಆತ ಬರೆದದ್ದೆಲ್ಲ ಒಂದೇ ಮಾತು: "ಓಕೆ." ಹೋದ ವರ್ಷದ ಖಾಲಿ ಹಲಗೆಗೂ, ತೆರೆದೇ ನೋಡದೆ, ಅದನ್ನೇ ಬರೆದಿದ್ದ. ಮನೆಯವರ ಬಾಯಲ್ಲಿ ಆತ ಓಕೆ ಅಣ್ಣ.

ಈ ಸಲ ಮಾಮ ಕೊನೆಗೆ ಒಂದು ಸಾಲು ಸೇರಿಸಿದ: "ಇದನ್ನು ಪರೀಕ್ಷಿಸಲು ಇಬ್ಬರು ಬೇಕು. ಭಾನುವಾರ ಮಧ್ಯಾಹ್ನ ನಾನಿರುತ್ತೇನೆ." ಎರಡು ಕಿಟಕಿ ತೆರೆದರೆ ಒಬ್ಬನೇ ಸಾಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದನ್ನು ಬರೆಯಲಿಲ್ಲ.

ಭಾನುವಾರ, ನೋಡುವವರು ಯಾರೂ ಇಲ್ಲದಿದ್ದರೂ, ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತ. ಬಿಳಿ ಕಾಯಿಗಳನ್ನು ಅತಿಥಿಗೆ ಬಿಟ್ಟ. ಹೊರಗೆ ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. "ಚಹಾ ಆರಿ ಹೋಗ್ತಿದೆ ಕಣೋ!" ಅಂತ ಅಕ್ಕ ಕೂಗಿದಳು. ಅಷ್ಟರಲ್ಲಿ ಬಿಳಿಯ ಕಾಲಾಳೊಂದು ತಾನಾಗಿಯೇ ಎರಡು ಮನೆ ಮುಂದೆ ನಡೆಯಿತು.

ಅವನ ಎರಡು ಕೈಯೂ ಮೇಜಿನ ಮೇಲೇ ಇದ್ದವು.

ತುಂಬ ಹೊತ್ತು ಯೋಚಿಸಿ ಕುದುರೆ ಹಾರಿಸಿದ. ಕಾದ. ಪರದೆಯ ಮೇಲೆ ಬರಹ ಮೂಡಿತು: ಎದುರಾಳಿ ಆಟ ಬಿಟ್ಟು ಹೊರಟಿದ್ದಾರೆ. ಹಿಂದೆಯೇ ಓಲೆ: "ಓಕೆ."

ಕಾಯಿ ಕಂಡಿದೆ, ನಡೆದಿದೆ. ಪರೀಕ್ಷೆಗೆ ಅಷ್ಟೇ ಸಾಕಲ್ಲ.

"ಯಾರು ಗೆದ್ರೋ?" ಬಾಗಿಲಿಂದ ಅಕ್ಕ ಕೇಳಿದಳು.

"ಇನ್ನೂ ನಡೀತಿದೆ."

ತಿದ್ದುಪಡಿಯನ್ನು ಒಳಗೆ ಸೇರಿಸಿದ. ಹಲಗೆಯನ್ನು ಮಾತ್ರ ಮುಚ್ಚಲಿಲ್ಲ. ಅಭ್ಯಾಸಬಲದಿಂದ ಎಡಗೈ ಬಿಳಿಯ ಕಾಯಿಗಳತ್ತ ಹೊರಟಿತ್ತು. ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡ. ಆ ಸರದಿ ಅವನದಲ್ಲ.