ಮುತ್ಯಾನ ವೇಷ ಹಾಕಿದ ಕಾಕಾ

ಮೊನ್ನೆ ಜೇವರ್ಗಿ ಬಜಾರಿನ ಒಂದು ಅಂಗಡಿಯಲ್ಲಿ, ಶಾಲೆ ಮಕ್ಕಳ ವೇಷಕ್ಕೆಂದು ತೂಗುಹಾಕಿದ್ದ ಬಿಳಿ ಗಡ್ಡವೊಂದು ಗಾಳಿಗೆ ಹಾರಿ ನನ್ನ ಕೆನ್ನೆಗೆ ತಾಗಿತು. ನಾನು ಅಲ್ಲೇ ನಿಂತುಬಿಟ್ಟೆ. ಅಂಗಡಿಯವ ನನ್ನ ಬೋಳುತಲೆ ನೋಡಿ, "ತಲಿಗಿ ಹಾಕೋ ಕೂದಲಾನೂ ಅದಾವ್ರಿ" ಎಂದ. ಅವನಿಗೇನು ಗೊತ್ತು, ನನಗೆ ಶಿವಶರಣಪ್ಪ ಕಾಕಾ ನೆನಪಾಗಿದ್ದ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನಮ್ಮೂರು ಹವಳಗಾದ ಹತ್ತಿರ. ಅವನದು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಕೆಲಸ. ಎಂಜಿನ್ನಿನ ಸದ್ದನ್ನೂ ಮೀರುವ ದನಿ, ಅದಕ್ಕಿಂತ ದೊಡ್ಡ ಸಿಟ್ಟು. ಆ ದನಿಗಾಗಿಯೇ ಮಠದ ನಾಟಕದಲ್ಲಿ ಅವನಿಗೆ ಮುತ್ಯಾನ ಪಾತ್ರ ಸಿಕ್ಕಿತು. ಮುತ್ಯಾ ಎಂದರೆ ನಮ್ಮೂರ ಮಠ ಕಟ್ಟಿದ ಸಂತ. ನಮ್ಮ ಕಡೆ ಅಜ್ಜನಿಗೂ ಸಂತನಿಗೂ ಅದೊಂದೇ ಹೆಸರು. ಯಾರೋ ಕಲ್ಲೆಸೆದು ಹಣೆ ಒಡೆದಾಗ ಮುತ್ಯಾ ಅವನಿಗೇ ತಂಬಿಗೆ ಚಾಚಿ, "ದಣದೀಯಪ್ಪಾ, ನೀರ ಕುಡಿ" ಎಂದನಂತೆ. ಬಿಳಿ ಗಡ್ಡ ಹಚ್ಚಿಕೊಂಡ ಕಾಕಾ ಆ ಮಾತು ಹೇಳಿದಾಗ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮರುದಿನ ಚಹಾದಂಗಡಿ ಮುಂದೆ ಒಬ್ಬ ಮುದುಕಿ ಅವನ ಕಾಲಿಗೆ ಬಿದ್ದಳು.

"ಏಳ ಬೇ ಯವ್ವಾ, ನಾ ಟ್ರ್ಯಾಕ್ಟರ್ ಹೊಡಿಯಾಂವ!"

"ನಮಗ ನೀನ ಮುತ್ಯಾ, ಯಪ್ಪಾ."

ಕಾಕಾನಿಗೆ ಮೊದಲು ನಗು ಬಂತು, ಆಮೇಲೆ ಖುಷಿಯಾಯಿತು, ಕೊನೆಗೆ ಹೆದರಿಕೆ ಹತ್ತಿತು. ಪ್ರತಿವರ್ಷ ಪಾತ್ರ ಅವನದೇ. ಬೀಡಿ ಬಿಟ್ಟ, ಬೈಗುಳ ಬಿಟ್ಟ. ಅವನ ಹೆಂಡತಿ, ನಮ್ಮ ಚಿಗವ್ವ, ಒಲೆ ಮುಂದೆ ಕೂತು ನನ್ನೆದುರು ಗೊಣಗುತ್ತಿದ್ದಳು: "ಮೊದಲ ಬೈತಿದ್ದ ಖರೆ, ಮನ್ಯಾಗ ಮನಷ್ಯಾ ಅದಾನ ಅನಸ್ತಿತ್ತು. ಈಗ ಗುಡ್ಯಾಗ ಕುಂತು ರೊಟ್ಟಿ ಬಡದಂಗ ಆಗ್ಯಾದ."

ಹೀಗಿರುವಾಗ ಮಗಳು ಮಹಾದೇವಿ ಆಳಂದದ ಗಂಡನ ಮನೆಯಿಂದ ಒಬ್ಬಳೇ ಬಂದಳು. ತೋಳು ಬಾತಿತ್ತು. ತಾಯಿಗೆ ಎರಡು ಮಾತು ಹೇಳಿ, ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಗಂಡ ಹೊಡೆದ ವಿಷಯ ತಿಳಿದದ್ದೇ ಕಾಕಾ ಚಪ್ಪಲಿ ಮೆಟ್ಟಿ ಹೊರಟ; ಹಿಂದೆ ನಾನು. ಬಸ್ ಸ್ಟ್ಯಾಂಡಿನವರೆಗೂ ಅಳಿಯನ ವಂಶವನ್ನೆಲ್ಲ ಜಾಲಾಡಿದ. ಬಸ್ಸಿಗಿಂತ ಮೊದಲು ಮಠದ ಹಿರಿಯರು ಬಂದರು.

"ಕಲ್ಲ ಹೊಡದಂವಗ ನೀರ ಕೊಟ್ಟವರ್ರಿ ನೀವು. ನೀವ ಜಗಳಕ್ಕ ಹೊಂಟರ ನಾವು ಯಾರ ಮಾರಿ ನೋಡಬೇಕ್ರಿ?"

ಕಾಕಾ ಅಲ್ಲೇ ಕಟ್ಟೆ ಮೇಲೆ ಕೂತ. ಬಸ್ಸು ಬಂತು, ಹೋಯಿತು.

ವಾರದೊಳಗೆ ಅಳಿಯ ಕರೆಯಲು ಬಂದ. ಕಾಕಾ ಅವನಿಗೆ ನೀರು ಕೊಟ್ಟು, ಮಗಳನ್ನು ಜೊತೆಗೆ ಕಳಿಸಿದ. ಊರು ಕೊಂಡಾಡಿತು. ಮಹಾದೇವಿ ಮಾತ್ರ ತಿರುಗಿ ನೋಡದೆ ನಡೆದಳು.

ಮುಂದಿನ ವರ್ಷ ಕಾಕಾ ವೇಷ ಹಾಕಲಿಲ್ಲ. ಒಮ್ಮೆ ಉಣ್ಣುತ್ತಾ ಚಿಗವ್ವನಿಗೆ ಹೇಳಿದ್ದು ಪಕ್ಕದಲ್ಲೇ ಕೂತಿದ್ದ ನನಗೂ ಕೇಳಿತು: "ಮುತ್ಯಾ ತನ್ನ ಹಣಿಗಿ ಬಿದ್ದ ಕಲ್ಲಿಗಿ ಸುಮ್ಮನಿದ್ದ. ನಾ ಮಗಳಿಗಿ ಬಿದ್ದ ಕಲ್ಲಿಗಿ ಸುಮ್ಮನ ಕುಂತೆ. ಮಾತು ಬಾಯಿಪಾಠ ಆಗಿತ್ತು, ಅಷ್ಟ."

ಮಹಾದೇವಿ ಕೆಲವು ವರ್ಷಗಳ ಮೇಲೆ ತಾನೇ ಆ ಮನೆ ಬಿಟ್ಟು, ಆಳಂದದ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದಳು. ಹಬ್ಬಕ್ಕೆ ತವರಿಗೆ ಬರುತ್ತಿದ್ದಳು. ತಂದೆ ಮಗಳ ಮಾತು 'ಉಂಡೆ ಏನು', 'ಹೊಂಟೆ' ಎನ್ನುವುದನ್ನು ದಾಟಲೇ ಇಲ್ಲ. ಹಾಗೆಯೇ ಕಾಕಾ ತೀರಿಕೊಂಡ.

ನಿನ್ನೆ ಆಳಂದಕ್ಕೆ ಹೋಗಿದ್ದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಮಹಾದೇವಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಮಾತು ಮಾತಿನಲ್ಲಿ, ಕಾಕಾ ಬಸ್ ಸ್ಟ್ಯಾಂಡಿಗೆ ಹೋದ ಆ ದಿನದ ಪ್ರಸ್ತಾಪ ಬಂತು.

"ಅಪ್ಪ ಬಸ್ ಸ್ಟ್ಯಾಂಡಿಗಿ ಹೋಗಿದ್ನೇನು?" ಎಂದಳು.

"ನಿನಗ ಗೊತ್ತಿಲ್ಲೇನು?"

"ಯಾರ ಹೇಳ್ಯಾರಣ್ಣಾ? ಆಂವಗ ಸಿಟ್ಟ ಬರಲೇ ಇಲ್ಲ ಅಂತ ತಿಳದಿದ್ದೆ, ಇಷ್ಟ ವರ್ಷ." ಹೆಚ್ಚಿದ ಉಳ್ಳಾಗಡ್ಡಿಯನ್ನು ಬದಿಗೆ ಸರಿಸಿದಳು. "ಏನಂತ ಬೈದ? ಅಂದಂಗ ಅಂದ ತೋರ್ಸು."

ಚಿಲ್ಲರೆ ಕೊಡದ ಕಂಡಕ್ಟರನಿಗೂ 'ರಿ' ಹಚ್ಚಿ ಮಾತಾಡುವ ಮನುಷ್ಯ ನಾನು. ಎದ್ದು ನಿಂತು, ನೆನಪಿದ್ದ ಮೊದಲ ಬೈಗುಳ ಅಂದೆ.

ಮಹಾದೇವಿ ಚಾಕು ಕೆಳಗಿಟ್ಟಳು.

"ಇನ್ನಾ ಜೋರ ಅನ್ನು," ಎಂದಳು.