ನನ್ನ ಪಾಲಿಗೂ ಬಗ್ಗಿದವರು

ಮೇಡಂ ಅವರ ಪಾದಗಳು ಅಗಲವಾಗಿದ್ದವು, ಚಪ್ಪಟೆಯಾಗಿದ್ದವು. ಹೆಬ್ಬೆರಳು ಉಳಿದ ಬೆರಳುಗಳ ಸಹವಾಸವೇ ಬೇಡವೆಂಬಂತೆ ದೂರ ನಿಂತಿತ್ತು. ಹಿಮ್ಮಡಿಯ ತುಂಬ ಬಿರುಕು. ದಿನವೂ ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಿದ್ದುದರಿಂದ ಆ ಬಿರುಕುಗಳೆಲ್ಲ ಹಳದಿ ಗೆರೆಗಳಾಗಿ ಕಾಣುತ್ತಿದ್ದವು. ಸಿಮೆಂಟು ನೆಲದ ಮೇಲೆ ಅವರು ಬರಿಗಾಲಲ್ಲಿ ನಡೆದು ಬಂದರೆ ರೊಟ್ಟಿ ತಟ್ಟಿದ ಹಾಗೆ ಸದ್ದಾಗುತ್ತಿತ್ತು. ಶೆಡ್ಡಿನೊಳಗೆ ಹರಟೆ ಹೊಡೆಯುತ್ತಿದ್ದ ನಾವೆಲ್ಲ ಆ ಸದ್ದು ಕೇಳಿದೊಡನೆ ಬಾಯಿ ಮುಚ್ಚುತ್ತಿದ್ದೆವು.

ಅವರು ಗುಂಡ್ಲುಪೇಟೆಯವರು. ಮೈಸೂರಿನಲ್ಲಿ ಓದುವಾಗ ಆಫ್ರಿಕಾದ ಮಾಲಿ ದೇಶದ ಹುಡುಗಿಯೊಬ್ಬಳು ಹಾಸ್ಟೆಲಿನಲ್ಲಿ ಅವರ ಜೊತೆಗಿದ್ದಳಂತೆ. ಅವಳಿಂದ ಕುಣಿತದ ರುಚಿ ಹತ್ತಿ, ಆಮೇಲೆ ಅವಳ ಊರಿಗೇ ಹೋಗಿ ಕೆಲವು ವರ್ಷ ಇದ್ದು, ಅಲ್ಲಿನ ಹಿರಿಯರ ಕೈಯಲ್ಲಿ ಬೈಸಿಕೊಂಡು ಕಲಿತು ಬಂದಿದ್ದರು. ಬಂದವರು ಚಾಮರಾಜನಗರದಲ್ಲಿ ಮುಚ್ಚಿಹೋಗಿದ್ದ ಒಂದು ರೇಷ್ಮೆ ನೂಲು ತೆಗೆಯುವ ಶೆಡ್ಡು ಹಿಡಿದು, ಶನಿವಾರ ಮಧ್ಯಾಹ್ನ ಹುಡುಗ ಹುಡುಗಿಯರಿಗೆ ಆ ಕುಣಿತ ಹೇಳಿಕೊಡುತ್ತಿದ್ದರು. ಗೂಡು ಬೇಯಿಸಿದ ವಾಸನೆ ಆ ಗೋಡೆಗಳಿಂದ ಎಂದೂ ಹೋಗಲಿಲ್ಲ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಅವರ ನೆನಪಾಗುತ್ತದೆ.

ಊರಿನವರು ಸುಮ್ಮನಿರುತ್ತಾರೆಯೇ? "ಆಪ್ರಿಕಾ ಡ್ಯಾನ್ಸಂತೆ, ಎಲೆ ಉಟ್ಕಂಡು ಕುಣೀಬೇಕಾ ಮೇಡಂ?" ಎಂದು ಟೀ ಅಂಗಡಿಯವನೊಬ್ಬ ಕೇಳಿದ್ದ. ಮೇಡಂ ಟೀ ಲೋಟ ಕೆಳಗಿಟ್ಟು, "ಎಲೆ ಉಟ್ಕಂಡಿರೋರು ಯಾರೂ ನನ್ ಕಣ್ಗೆ ಬೀಳ್ನಿಲ್ಲ ಕಣಪ್ಪ. ನಮ್ಮ ಗುಂಡ್ಲುಪೇಟೆ ಸಂತೆ ಇದ್ದಂಗೇ ಇತ್ತು. ಬಟ್ಟೆ ಮಾತ್ರ ನಿನ್ನದಕ್ಕಿಂತ ಚೆನ್ನಾಗಿದ್ವು" ಅಂದರಂತೆ. ಮೇಡಂ ಮುಂಗೋಪಿ. ಸತ್ತವರೆಂದು ನಾನು ಅವರನ್ನು ದೇವತೆ ಮಾಡುವುದಿಲ್ಲ. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು, ಸೋಮಾರಿಗಳ ಮೇಲೆ ಕಡಲೆಪುರಿ ಎರಚುತ್ತಿದ್ದರು, ಅಡುಗೆಯಂತೂ ದೇವರಿಗೇ ಪ್ರೀತಿ. ಆದರೆ ಆ ಶೆಡ್ಡಿಗೆ ಬರುತ್ತಿದ್ದವರು ಎಂಥವರು? ಪರೀಕ್ಷೆಯಲ್ಲಿ ಫೇಲಾಗಿ ಮನೆಯಲ್ಲಿ ಮುಖ ತೋರಿಸಲಾಗದವರು, ಅಪ್ಪ ಕುಡಿದು ಬಂದು ಬಡಿಯುವವರು, ಗಾರ್ಮೆಂಟ್ಸಿಗೆ ಹೋಗಿ ಏನೋ ಕಂಡು ಹೆದರಿ ವಾಪಸು ಬಂದವರು. ಅವರಲ್ಲಿ ಒಬ್ಬರನ್ನೂ ಮೇಡಂ 'ಏನಾಯಿತು' ಎಂದು ಕೇಳಿದ್ದು ನಾನು ನೋಡಿಲ್ಲ. "ಬಾಯಲ್ಲಿ ಬರ್ದೇ ಇದ್ರೆ ಕಾಲಲ್ಲಿ ಬರ್ಲಿ ಬುಡು" ಅನ್ನುತ್ತಿದ್ದರು.

ನನಗೆ ಬಾಯಲ್ಲಿ ಬರುತ್ತಿರಲಿಲ್ಲ. ನಮ್ಮದು ಉಮ್ಮತ್ತೂರು, ಜಮೀನುದಾರರ ಮನೆ. ನಾನು ಮೊದಲ ಪಿಯುಸಿಯಲ್ಲಿದ್ದಾಗ ನನ್ನ ಒಬ್ಬನೇ ಅಣ್ಣ ಬೈಕಿನಲ್ಲಿ ಬರುತ್ತ, ಹಿಂದೆ ಲೈಟಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿ ಸತ್ತ. ನಮ್ಮವರ ಪದ್ಧತಿಯಂತೆ ಬಿದಿರಿನಲ್ಲಿ ಕಟ್ಟಿದ ಹೂವಿನ ವಿಮಾನದಲ್ಲಿ ಅವನನ್ನು ಕೂರಿಸಿ ಹೊತ್ತುಕೊಂಡು ಹೋದರು. ಹೆಂಗಸರೆಲ್ಲ ಊರಾಚೆಯ ಬೇವಿನ ಮರದ ಹತ್ತಿರ ನಿಂತುಬಿಡಬೇಕು ಅಂದರು. ನಿಂತೆವು. ಅಣ್ಣ ಕಣ್ಣಿಗೆ ಮರೆಯಾದ ಮೇಲೂ ಮುಂದೆ ಹೋಗುತ್ತಿದ್ದ ತಮಟೆಯ ಸದ್ದು ಕೇಳುತ್ತಿತ್ತು. ಅದು ಸಣ್ಣದಾಗುತ್ತ ಆಗುತ್ತ ನಿಂತುಹೋಯಿತು, ಅಲ್ಲಿಗೆ ನನ್ನ ಮಾತೂ ನಿಂತಿತು. ಅಳಲೂ ಇಲ್ಲ. ಊಟ ಸೇರುತ್ತಿರಲಿಲ್ಲ, ಕಾಲೇಜು ಬಿಟ್ಟೆ. ಅವ್ವ ಹೆದರಿಹೋದಳು. ಕೊನೆಗೆ ಚಾಮರಾಜನಗರದಲ್ಲಿದ್ದ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು ಬಂದು ಮೇಡಂ ಮುಂದೆ ನಿಲ್ಲಿಸಿದರು.

ಶೆಡ್ಡಿನಲ್ಲಿ ತಮಟೆ ಹಿಡಿದು ನಿಂತಿದ್ದ ಹಿರಿಯರೊಬ್ಬರನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮೂರಿನ ಕೆಳಗಿನ ಬೀದಿಯವರು. ಅಣ್ಣನ ಮುಂದೆ ತಮಟೆ ಬಡಿದುಕೊಂಡು ಹೋದವರು ಅವರೇ. ಮೇಡಂ ಮಾಲಿಯಿಂದ ಒರಳಿನಂಥ ಒಂದು ಡೋಲು ತಂದಿದ್ದರಂತೆ, ಅದರ ಚರ್ಮವನ್ನು ಗುಂಡ್ಲುಪೇಟೆಯ ಇಲಿಗಳು ತಿಂದು ತೇಗಿದ್ದವು. "ಇಲಿ ಒಳ್ಳೇದೇ ಮಾಡ್ತು. ತಮಟೆ ಇರೋ ಊರಲ್ಲಿ ಅದ್ಯಾಕೆ?" ಎಂದು ಮೇಡಂ ಇವರನ್ನು ಹುಡುಕಿಕೊಂಡು ಹೋಗಿ ಕರೆತಂದಿದ್ದರು. ವಯಸ್ಸಿನಲ್ಲಿ ನಮ್ಮಪ್ಪನಿಗಿಂತ ದೊಡ್ಡವರು. ನಮ್ಮಪ್ಪನಿಗೆ ಅವರು 'ಬುದ್ಧಿ' ಎಂದು ಕೈ ಮುಗಿಯುತ್ತಿದ್ದರು, ನಮ್ಮಪ್ಪ ಅವರನ್ನು 'ಏನ್ಲಾ' ಅನ್ನುತ್ತಿದ್ದರು, ಮೇಡಂ 'ಅಣ್ಣ' ಅನ್ನುತ್ತಿದ್ದರು. ನನ್ನನ್ನು ಕಂಡದ್ದೇ ಅವರು ತಮಟೆ ಕೆಳಗಿಳಿಸಿ, "ಬ್ಯಾಡ ಮೇಡಂ, ನಮ್ಮೂರ ಬುದ್ಧಿಯೋರ ಮಗ್ಳು ಇವ್ರು. ನಾನು ಓಯ್ತೀನಿ" ಅಂದರು.

"ಇಲ್ಲಿ ಯಾವ ಬುದ್ಧಿಯೋರೂ ಇಲ್ಲ ಅಣ್ಣ. ಕುಣಿಯೋರವ್ರೆ, ಬಾರ್ಸೋರವ್ರೆ. ಬಾರ್ಸಿ" ಅಂದರು ಮೇಡಂ.

ಆ ಕುಣಿತದಲ್ಲಿ ಮೇಲಕ್ಕೆ ಹಾರುವುದು ಕಡಿಮೆ. ಮಂಡಿ ಬಗ್ಗಿಸಿ, ಎದೆ ನೆಲದ ಕಡೆಗಿಟ್ಟು, ಅಂಗಾಲು ಪೂರ್ತಿ ಊರಿ ಕುಣಿಯಬೇಕು. ಅಲ್ಲಿನ ಹೆಜ್ಜೆಗಳ ಹೆಸರು ನಮ್ಮ ನಾಲಿಗೆಗೆ ಹತ್ತದೆಂದು ಮೇಡಂ ಕಳೆ ಕೀಳೋದು, ಕೇರೋದು, ಕುಟ್ಟೋದು ಎಂದೆಲ್ಲ ಹೆಸರಿಟ್ಟಿದ್ದರು. ಕುಣಿತ ಮುಗಿದ ಮೇಲೆ ಒಂದು ಕಟ್ಟುಪಾಡಿತ್ತು, ಅದು ಮಾಲಿಯದೇ ಪದ್ಧತಿ. ಕುಣಿದವರು ಒಬ್ಬೊಬ್ಬರಾಗಿ ಬಾರಿಸಿದವರ ಎದುರು ಹೋಗಿ, ಬಗ್ಗಿ ನೆಲ ಮುಟ್ಟಿ, ಆ ಕೈಯನ್ನು ಎದೆಗಿಟ್ಟುಕೊಳ್ಳಬೇಕು. ಯಾವ ಜಾತಿ, ಯಾರ ಮಗ, ಏನೂ ಇಲ್ಲ. ಮೊದಲು ಮೇಡಂ, ಆಮೇಲೆ ನಾವೆಲ್ಲ. "ಇದು ಕಾಲ್ಗೆ ಬೀಳೋದಲ್ಲ ಕಣ್ರೋ. ನೀನು ಬಾರ್ಸಿದ್ಕೇ ನನ್ ಕಾಲು ಎದ್ದೋ ಅಂತ ಯೋಳೋದು" ಎಂದು ಅವರು ವಿವರಿಸುತ್ತಿದ್ದರು.

ಕೆಲವು ವಾರ ನಾನು ಗೋಡೆಗೆ ಒರಗಿ ನಿಂತೆ. ಯಾರೂ ಕರೆಯಲಿಲ್ಲ. ಒಂದು ಶನಿವಾರ ಮೇಡಂ ನಿಧಾನದ ಪೆಟ್ಟು ಬೇಕೆಂದರು. ತಮಟೆಯಣ್ಣ ಬಾರಿಸಿದ್ದು ಬೇವಿನ ಮರದ ಹತ್ತಿರ ನನಗೆ ಕೇಳಿಸಿದ್ದ ಅದೇ ಪೆಟ್ಟು. ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದವು. ಎಷ್ಟು ಹೊತ್ತು ಕುಣಿದೆನೋ ತಿಳಿಯದು, "ಅಣ್ಣಾ" ಎಂದು ಕೂಗಿ ನೆಲಕ್ಕೆ ಬಿದ್ದು ಅತ್ತೆ. ತಮಟೆ ತಡವರಿಸಿತು. "ನಿಲ್ಲಿಸ್ಬ್ಯಾಡಿ ಅಣ್ಣ, ಬಾರ್ಸಿ" ಎಂದು ಕೂಗಿದ ಮೇಡಂ, ಬಿದ್ದಿದ್ದ ನನ್ನ ಪಕ್ಕದಲ್ಲೇ ಕುಣಿಯುತ್ತಿದ್ದರು. ಕಿವಿಯ ಹತ್ತಿರ ಆ ಅಗಲ ಪಾದಗಳ ಸದ್ದು ಕೇಳುತ್ತಲೇ ಇತ್ತು. ಅಳು ಮುಗಿಯುವತನಕ ಅವರು ನಿಲ್ಲಲಿಲ್ಲ.

ಆಮೇಲೆ ನಾನೂ ಎದ್ದು ಹೋಗಿ ತಮಟೆಯ ಎದುರು ನೆಲ ಮುಟ್ಟಿದೆ. ಅವರು ಬೇರೆ ಕಡೆ ನೋಡುತ್ತ ಮೆಲ್ಲಗೆ ಹೇಳಿದರು. "ನಿಮ್ಮಣ್ಣನ್ನ ಚೆನ್ನಾಗಿ ಕಳ್ಸಿದೀನಿ ಕಣವ್ವ. ದಾರೀಲಿ ಎಲ್ಲೂ ಕೈ ನಿಲ್ಲಿಸ್ನಿಲ್ಲ."

ಅವತ್ತು ಮನೆಗೆ ಹೋಗಿ ಎರಡು ಮುದ್ದೆ ಉಂಡೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತ ನಿಂತಿದ್ದಳು.

ಇಷ್ಟರಲ್ಲಿ ಚಾಮರಾಜನಗರದ ಒಂದು ಶಾಲೆಯ ಮೈದಾನದಲ್ಲಿ ನಮ್ಮ ಕುಣಿತ ಏರ್ಪಾಡಾಯಿತು. ಮಗಳು ಚೇತರಿಸಿಕೊಂಡಳೆಂಬ ಖುಷಿಗೆ ಅಪ್ಪ ಇಸ್ತ್ರಿ ಪಂಚೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು. ಕುಣಿತ ಚೆನ್ನಾಗಿಯೇ ಆಯಿತು. ಕೊನೆಗೆ ಅಭ್ಯಾಸದಂತೆ ನಾವೆಲ್ಲ ತಮಟೆಯ ಎದುರು ಹೋಗಿ ಬಗ್ಗಿದೆವು. ನಾನು ತಲೆ ಎತ್ತಿ ನೋಡಿದರೆ ಅಪ್ಪನ ಕುರ್ಚಿ ಖಾಲಿ.

ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದ ನಾನು ಮರುದಿನ ಶೆಡ್ಡಿಗೆ ಹೋಗಿದ್ದಾಗ ಅಪ್ಪ ಅಲ್ಲಿಗೇ ಬಂದರು. "ಊರಲ್ಲಿ ತಲೆ ಎತ್ಕಂಡು ತಿರಗ್ದಂಗೆ ಮಾಡ್ಬುಟ್ರಲ್ಲ ಮೇಡಂ! ನನ್ ಮಗ್ಳು ಅವನ್ ಮುಂದೆ ನೆಲ ಮುಟ್ಬೇಕಾ?"

"ಯಜಮಾನ್ರೇ, ನಿಮ್ಮ ಮಗನ್ನ ಮಣ್ಗೆ ಇಡೋಗಂಟ ಜೊತೇಲಿ ಹೋಗಿದ್ದು ಯಾರ ತಮಟೆ?"

"ಅದ್ಕೆ ಕೊಡೋದು ಕೊಟ್ಟಿವ್ನಿ."

"ಕೊಡೋದು ಬ್ಯಾರೆ, ಬಗ್ಗೋದು ಬ್ಯಾರೆ" ಅಂದರು ಮೇಡಂ.

ಅಪ್ಪ ನನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸಿದರು. ನಾನು ಮತ್ತೆ ಮೂಲೆ ಸೇರಿದೆ, ಮತ್ತೆ ಅನ್ನ ಸೇರದಾಯಿತು.

ಮೇಡಂ ಬಿಡುವ ಪೈಕಿಯಲ್ಲ. ಶನಿವಾರ ತರಗತಿ ಮುಗಿಸಿ ನೇರ ಉಮ್ಮತ್ತೂರಿನ ಬಸ್ಸು ಹತ್ತುವರು. ನಮ್ಮ ಜಗುಲಿಯ ಮೇಲೆ ಕೂತು ಒಂದು ಲೋಟ ನೀರು ಕೇಳಿ ಕುಡಿಯುವರು. ಜಗಳವಿಲ್ಲ, ಬೇಡಿಕೆಯಿಲ್ಲ. ಚಪ್ಪಲಿ ಬಿಟ್ಟ ಕಾಲಿನಿಂದ ಜಗುಲಿಯ ಕೆಳಗಿನ ಕಲ್ಲನ್ನು ತಟ್ಟುತ್ತ ಕೂತಿದ್ದು, ಕೊನೆಯ ಬಸ್ಸಿಗೆ ಹೋಗುವರು. ಒಳಗೆ ಕತ್ತಲಲ್ಲಿ ಮಲಗಿದ್ದ ನನಗೆ ಆ ತಟ್ಟುವುದು ಕೇಳುತ್ತಿತ್ತು. ಅಪ್ಪನಿಗೂ ಕೇಳುತ್ತಿತ್ತು. ಕೊನೆಗೆ ಒಂದು ಸಂಜೆ, ಅಪ್ಪನ ಎದುರು ಎಂದೂ ದನಿ ಎತ್ತದ ಅವ್ವ ನಡುಮನೆಗೆ ಬಂದು, "ಒಂದು ಓಯ್ತಲ್ಲ, ಇನ್ನೊಂದನ್ನೂ ನಾನೇ ಮಣ್ ಮಾಡ್ಲಾ? ಕಳ್ಸಿ!" ಎಂದು ಕಿರುಚಿದಳು.

ಅಪ್ಪ ಒಪ್ಪಿದರು. ಆದರೆ ನನ್ನ ಕೈಯನ್ನು ಗೋಡೆಯ ಮೇಲಿದ್ದ ಅಣ್ಣನ ಫೋಟೋಕ್ಕೆ ಒತ್ತಿ ಹಿಡಿದು, "ಕುಣ್ಕೋ. ಅವನ್ ಮುಂದೆ ಮಾತ್ರ ಬಗ್ಗಾಕಿಲ್ಲ ಅಂತ ನಿಮ್ಮಣ್ಣನ್ ಮೇಲೆ ಆಣೆ ಮಾಡು" ಅಂದರು. ಮಾಡಿದೆ. ಇನ್ನೇನು ಮಾಡಲಿ?

ಮುಂದಿನ ಶನಿವಾರ ಕುಣಿತ ಮುಗಿದಾಗ ಎಲ್ಲರೂ ಬಗ್ಗಿದರು, ನಾನೊಬ್ಬಳು ಕಂಬದಂತೆ ನಿಂತಿದ್ದೆ. ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ. ಮೇಡಂ ಹತ್ತಿರ ಬಂದರು, ಆಣೆಯ ವಿಷಯ ಹೇಳಿದೆ. ಸಿಟ್ಟಿನ ಮುಖ ನೋಡನೋಡುತ್ತಲೇ ಮೆತ್ತಗಾಯಿತು. "ಅಣ್ಣನ ಮೇಲಿನ ಆಣೆ ಮುರೀಬ್ಯಾಡ ಕಣಮ್ಮಿ. ನಿಂದ ನಾ ಮಾಡ್ತೀನಿ" ಎಂದವರು, ಆಗಲೇ ಒಮ್ಮೆ ಬಗ್ಗಿ ಎದ್ದಿದ್ದವರು, ಮತ್ತೆ ಹೋಗಿ ತಮಟೆಯಣ್ಣನ ಎದುರು ನೆಲ ಮುಟ್ಟಿದರು. "ಇದು ಇವಳ ಪಾಲಿಂದು ಅಣ್ಣ" ಅಂದರು.

ಅಲ್ಲಿಂದ ಅದೇ ರೂಢಿಯಾಯಿತು. ನಾನು ಪಿಯುಸಿ ಮುಗಿಸಿದೆ, ಡಿಗ್ರಿ, ಬಿ.ಎಡ್. ಮಾಡಿದೆ, ಗುಂಡ್ಲುಪೇಟೆಯ ಕಡೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು. ಬಿಡುವಿದ್ದ ಶನಿವಾರ ಶೆಡ್ಡಿಗೆ ಹೋಗಿ ಎಳೆಯರ ಜೊತೆ ಕುಣಿದು ಬರುತ್ತಿದ್ದೆ. ನಾನು ಹೋದಾಗಲೆಲ್ಲ ಮೇಡಂ ಎರಡು ಸಲ ಬಗ್ಗುತ್ತಿದ್ದರು. ಮಂಡಿ ನೋವು ಬಂದ ಮೇಲೂ ಒಂದು ಕೈ ಗೋಡೆಗೆ ಕೊಟ್ಟು ಬಗ್ಗುತ್ತಿದ್ದರು. "ಬೇಡ ಮೇಡಂ" ಅಂದರೆ, "ನೀನು ಸುಮ್ನಿರಮ್ಮಿ, ಇದು ನಂಗೂ ಅಣ್ಣಂಗೂ ಇರೋ ವ್ಯವಹಾರ" ಎಂದು ಗದರುತ್ತಿದ್ದರು.

ಮಂಡಿ ನೋವೆಂದುಕೊಂಡದ್ದು ಸೊಂಟದ ಮೂಳೆಯ ಕ್ಯಾನ್ಸರ್ ಆಗಿತ್ತು. ಮೈಸೂರಿನ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಅಂದರು. ಗುಂಡ್ಲುಪೇಟೆಯ ಮನೆಯಲ್ಲಿ ಅವರ ತಂಗಿ ನೋಡಿಕೊಳ್ಳುತ್ತಿದ್ದರು, ಶಾಲೆ ಮುಗಿಸಿ ನಾನೂ ಹೋಗುತ್ತಿದ್ದೆ. ಒಂದು ದಿನ ಹಳೆಯ ನೆನಪಿಗೆ ಹರಳೆಣ್ಣೆ, ಅರಿಶಿನ ಕಲಸಿಕೊಂಡು ಹೋಗಿ ಪಾದಕ್ಕೆ ಹಚ್ಚೋಣವೆಂದು ಹೊದಿಕೆ ಸರಿಸಿದೆ. ಹಚ್ಚಲು ಬಿರುಕೇ ಇರಲಿಲ್ಲ. ತಿಂಗಳುಗಟ್ಟಲೆ ನೆಲ ಮುಟ್ಟದೆ ಹಿಮ್ಮಡಿ ನುಣ್ಣಗಾಗಿ, ಮೆತ್ತಗಾಗಿಬಿಟ್ಟಿತ್ತು. ನನಗೆ ತಡೆಯಲಾಗಲಿಲ್ಲ, ಆ ಪಾದ ಹಿಡಿದುಕೊಂಡೇ ಅತ್ತೆ.

"ಎಳೇ ಮಗಿನ ಕಾಲು ಆಗೋಗದೆ, ಅಲ್ವಾ?" ಅಂದರು ಮೇಡಂ. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, "ನಿನ್ ಪಾಲಿಂದು ನಿಂತೋಯ್ತು ಕಣಮ್ಮಿ. ಅಣ್ಣಂಗೆ ಯೋಳು, ನಂಗೀಗ ಬಗ್ಗಾಕಾಗ್ತಿಲ್ಲ ಅಂತ" ಅಂದರು. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದೇ.

ಅವರು ಹೋದ ದಿನ ಅಪ್ಪ ನಮ್ಮ ಮನೆಗೆ ಬಂದಿದ್ದರು. "ನಾನೂ ಬತ್ತೀನಿ" ಎಂದು ಕೋಲು ಹಿಡಿದು ಹೊರಟರು. ಬೇಡ ಅನ್ನಲಿಲ್ಲ. ತಮಟೆಯಣ್ಣ ಉಮ್ಮತ್ತೂರಿನಿಂದ ತಾವಾಗಿಯೇ ಬಂದಿದ್ದರು. ತುಂಬ ಮುದುಕರಾಗಿದ್ದರು. ರಸ್ತೆ ಬದಿ ಹುಲ್ಲು ಹಚ್ಚಿ ತಮಟೆ ಕಾಯಿಸುವಾಗ ಕೈ ನಡುಗುತ್ತಿತ್ತು, ಬಾರಿಸತೊಡಗಿದ ಮೇಲೆ ನಡುಗಲಿಲ್ಲ. ಶೆಡ್ಡಿನಲ್ಲಿ ಕಲಿತ ನಾವೆಲ್ಲ ಚಟ್ಟದ ಮುಂದೆ ಮಂಡಿ ಬಗ್ಗಿಸಿ, ಅಂಗಾಲು ಊರಿ ಕುಣಿದೆವು, ಅಳುತ್ತ ಕುಣಿದೆವು. ಬಸ್ ಸ್ಟ್ಯಾಂಡಿನ ಹತ್ತಿರ ಕೇರಳದ ಗಾಡಿಗಳು ನಿಂತು ದಾರಿ ಬಿಟ್ಟವು. ಊರಾಚೆ ಯಾರೋ ಹಿರಿಯರು, "ಹೆಂಗಸ್ರು ಇಲ್ಲೇ ನಿಂತ್ಕಳಿ" ಅಂದರು. ಈ ಸಲ ನಾನು ನಿಲ್ಲಲಿಲ್ಲ. ಬೆಂಕಿಯತನಕ ಹೋದೆ.

ಎಲ್ಲ ಮುಗಿದು ತಮಟೆ ನಿಂತಿತು. ನಾನು ಅವರ ಎದುರು ಹೋದೆ. ಅಪ್ಪ ನೋಡುತ್ತಿರುವುದು ಗೊತ್ತಿತ್ತು, ಆಣೆಯೂ ಗೊತ್ತಿತ್ತು. ನನ್ನ ಅಣ್ಣ ಇದಕ್ಕೆ ಬೈಯುವವನಲ್ಲವೆಂದು ಅಂದುಕೊಂಡು ಬಗ್ಗಿ ನೆಲ ಮುಟ್ಟಿ, ಕೈ ಎದೆಗಿಟ್ಟುಕೊಂಡೆ. ಮತ್ತೊಮ್ಮೆ ಬಗ್ಗಿದೆ. "ಏಳವ್ವ, ಬುದ್ಧಿಯೋರು ಅವ್ರೆ" ಎಂದು ತಮಟೆಯಣ್ಣ ಗಾಬರಿಯಾದರು.

"ಇರ್ಲಿ ಬುಡಿ ಅಣ್ಣ" ಅಂದೆ.

ಅಪ್ಪ ಅವತ್ತೇ ಊರಿಗೆ ಹೋಗುತ್ತೇನೆಂದು ಹಟ ಹಿಡಿದರು, ಬಿಟ್ಟು ಬರಲು ನಾನೂ ಬಸ್ಸು ಹತ್ತಿದೆ. ಕಿಟಕಿಯಾಚೆ ನೋಡುತ್ತಲೇ ಅವರು, "ಎಲ್ಡು ಸಲ ಯಾಕಮ್ಮಿ ಬಗ್ಗಿದ್ದು?" ಎಂದು ಕೇಳಿದರು.

"ಒಂದು ನಂದು. ಇನ್ನೊಂದು ಮೇಡಮ್ದು. ಅವ್ರಿಗೆ ಇನ್ನ ಬಗ್ಗಾಕಾಗಲ್ವಲ್ಲ ಅಪ್ಪ."

ಬಸ್ಸು ತೆರಕಣಾಂಬಿ ದಾಟಿತು. ಅಪ್ಪ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡಿದ್ದರು. ಅದನ್ನು ತೆಗೆದು, ನನ್ನ ಕಡೆ ತಿರುಗದೆಯೇ ಹೇಳಿದರು.

"ನಿಮ್ಮಣ್ಣಂದೂ ಒಂದು ಮಾಡ್ಬೇಕಾಗಿತ್ತು ಕಣಮ್ಮಿ."