ಬೆಚ್ಚಗಿನ ಎಂಜಿನ್ನೂ ಬೇಡಕ್ಕನ ಸಿಟ್ಟೂ

ಬೆಳಗಿನ ಐದೂಮುಕ್ಕಾಲು. ಹಳೆಯ ಗಾಡಿಗಳನ್ನು ಮಾರುವ ಅಂಗಳದ ಗೇಟು ಇನ್ನೂ ಅರ್ಧವೇ ತೆರೆದಿದೆ. ಒಳಗೆ ಸಾಲಾಗಿ ನಿಂತಿರುವ ಹನ್ನೊಂದು ಟ್ರ್ಯಾಕ್ಟರುಗಳಲ್ಲಿ ಹತ್ತರ ಬಾನೆಟ್ಟಿನ ಮೇಲೆ ಇಬ್ಬನಿ ಕೂತಿದೆ, ಒಂದರ ಮೇಲಿಲ್ಲ. ಐವತ್ತಮೂರು ವರ್ಷದ ಹೆಂಗಸೊಬ್ಬರು ನೇರ ಅದರ ಬಳಿಗೇ ನಡೆಯುತ್ತಾರೆ. ಯಾರಿಗೂ ನಮಸ್ಕಾರ ಹೇಳುವ ಮೊದಲೇ ಎಂಜಿನ್ನಿನ ಪಕ್ಕೆಗೆ ಅಂಗೈ ಒತ್ತುತ್ತಾರೆ.

"ಬೆಚ್ಚಗಿದೆಯಲ್ಲಪ್ಪಾ?"

"ಬಿಸಿಲಿಗೆ ಅಕ್ಕಾ, ಬಿಸಿಲಿಗೆ," ಎಂದು ದಲ್ಲಾಳಿ ಹಲ್ಲು ಕಿರಿಯುತ್ತಾನೆ.

"ಯಾವ ಬಿಸಿಲು? ಸೂರ್ಯ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ನೀನೇನು ಮನೇಲಿ ಬೇರೆ ಸೂರ್ಯನ್ನ ಸಾಕಿದೀಯಾ?"

ಅಂಗಳದ ಮಂದಿ ಇವರಿಗೆ ಇಟ್ಟಿರುವ ಹೆಸರು ಬೇಡಕ್ಕ. ಹಳೇ ಟ್ರ್ಯಾಕ್ಟರು ಕೊಳ್ಳಲು ಹೊರಟವರು ಇವರನ್ನು ಜೊತೆಗೆ ಕರೆತರುತ್ತಾರೆ. ಇವರು ಗಾಡಿಯನ್ನು ಮುಟ್ಟಿ, ಮೂಸಿ, ಓಡಿಸಿ ನೋಡಿ, ಹತ್ತರಲ್ಲಿ ಏಳಕ್ಕೆ 'ಬೇಡ' ಎಂದು ಕೈ ಒರೆಸಿಕೊಳ್ಳುತ್ತಾರೆ. ಹತ್ತೊಂಬತ್ತು ವರ್ಷಗಳಿಂದ, ವಾರಕ್ಕೆ ನಾಲ್ಕು ಗಾಡಿಯಂತೆ, ಇದೇ ಕೆಲಸ. ಹೆಸರಿಟ್ಟವರು ದಲ್ಲಾಳಿಗಳು, ಬೈಗುಳ ಎಂದುಕೊಂಡೇ ಇಟ್ಟರು. ಇವರಿಗೆ ಅದು ಹಿಡಿಸಿಬಿಟ್ಟಿದೆ.

ಬೆಳಗ್ಗೆ ಎಂಜಿನ್ ಬೆಚ್ಚಗಿದ್ದರೆ ಏನು ಮಹಾ ಎಂದು, ಪತ್ರಿಕೆಗೆ ಬರೆಯಲು ಜೊತೆಗೆ ಬಂದಿದ್ದ ನಾನೂ ಕೇಳಿದೆ. ಸವೆದ ಎಂಜಿನ್ನು ತಣ್ಣಗಿರುವಾಗ ಏಳುವುದಿಲ್ಲ. ಕೆಮ್ಮುತ್ತದೆ, ಬಿಳಿ ಹೊಗೆ ಉಗುಳುತ್ತದೆ. ಆ ರೋಗ ಗಿರಾಕಿಯ ಕಣ್ಣಿಗೆ ಬೀಳಬಾರದೆಂದು ಮಾರುವವರು ನಸುಕಿನಲ್ಲೇ ಅದನ್ನು ಹೇಗೋ ಎಬ್ಬಿಸಿ, ಅರ್ಧ ಗಂಟೆ ಓಡಿಸಿ, ಆರಿಸಿ, ಏನೂ ಅರಿಯದವರಂತೆ ಬೀಡಿ ಹಚ್ಚಿ ನಿಲ್ಲುತ್ತಾರೆ. ಎಂಥ ಖದೀಮರು ನೋಡಿ!

ಇವತ್ತಿನ ಗಿರಾಕಿಗಳು ಇಬ್ಬರು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಅವರ ಸೊಸೆ. ಟ್ರ್ಯಾಕ್ಟರಿಗೆ ನಲವತ್ತಾರು ವರ್ಷ. ಗುಂಡು ದೀಪ, ಉದ್ದ ಮೂತಿ, ಮೊನ್ನೆ ಮೊನ್ನೆ ಬಳಿದ ಕೆಂಪು ಬಣ್ಣ. ಮೇಷ್ಟ್ರ ತಂದೆ ಓಡಿಸುತ್ತಿದ್ದದ್ದು ಇದೇ ಮಾದರಿಯಂತೆ. ಸೀಟು ಹತ್ತಿ ಸ್ಟೀರಿಂಗ್ ಹಿಡಿದ ಕೂಡಲೇ ಆ ಎಪ್ಪತ್ತರ ಮುಖ ಹತ್ತು ವರ್ಷದ್ದಾಗಿಬಿಟ್ಟಿತು. ಸುಳ್ಳೇಕೆ ಹೇಳಲಿ, ನಾನೂ ಮರುಳಾದೆ. ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದೆ.

ಬೇಡಕ್ಕ ಮಾತ್ರ ಕೆಳಗೆ ನಿಂತು ಕೇಳುತ್ತಾರೆ: "ಓಡಿಸೋರು ಯಾರು ಮೇಷ್ಟ್ರೇ?"

"ನಮ್ಮ ಸೊಸೆ. ಮನೇಲಿ ಬೇಸಾಯ ಅವಳದೇ."

"ಜಮೀನು ಸಮ ಇದೆಯಾ?"

ಉತ್ತರ ಸೊಸೆಯಿಂದ ಬರುತ್ತದೆ. "ಇಲ್ಲಕ್ಕಾ. ಮನೆಯಿಂದ ಹೊಲದವರೆಗೂ ಇಳಿಜಾರು. ತುದೀಲಿ ಬಾವಿ."

ಬೇಡಕ್ಕ ಆಕೆಯನ್ನು ಒಂದು ಗಳಿಗೆ ನೋಡುತ್ತಾರೆ. ಆಮೇಲೆ ದಲ್ಲಾಳಿಯ ಕೈಯಿಂದ ಕೀಲಿ ಕಸಿದುಕೊಂಡು ಜೇಬಿಗೆ ಹಾಕಿಕೊಳ್ಳುತ್ತಾರೆ. "ತಣ್ಣಗಾಗ್ಲಿ. ಎರಡೂವರೆ ಗಂಟೆ ಹಿಡಿಯುತ್ತೆ. ಕೂತ್ಕೊಳ್ಳಿ ಎಲ್ರೂ."

ದಲ್ಲಾಳಿ ಗೊಣಗುತ್ತಾ ಚಹಾ ಹುಡುಕಿಕೊಂಡು ಹೋಗುತ್ತಾನೆ. ಬೇಡಕ್ಕ ಬಿದ್ದಿದ್ದ ಟಯರಿನ ಮೇಲೆ ಕೂತು ಚೀಲದಿಂದ ಫ್ಲಾಸ್ಕ್ ತೆಗೆಯುತ್ತಾರೆ. ಅದೇ ಚೀಲದಲ್ಲಿ ಟಾರ್ಚು, ಒಂದು ಚೂಪು ತಗಡು, ಪುಟ್ಟ ಸುತ್ತಿಗೆ, ಕಬ್ಬಿಣಕ್ಕೆ ಗುರುತು ಹಾಕುವ ಪಂಚು ಇವೆ. ಕಾಯುವುದು ಇವರ ಕೆಲಸದ ಅರ್ಧ ಭಾಗ.

ಇವರು ಯಾವ ತರಬೇತಿಗೂ ಹೋದವರಲ್ಲ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷ ನಿಂತವರು. ಯಾವ ಗಾಡಿಯವನು ಯಾವ ಭಾಗ ಕೇಳಿಕೊಂಡು ಬರುತ್ತಾನೆ, ಎಷ್ಟು ತಿಂಗಳಿಗೆ ಮತ್ತೆ ಅದನ್ನೇ ಕೇಳುತ್ತಾನೆ ಎಂಬುದು ಬಾಯಿಪಾಠವಾಯಿತು. "ಡಾಕ್ಟರಿಗಿಂತ ಔಷಧಿ ಅಂಗಡಿಯೋನಿಗೆ ಊರಿನ ಕಾಯಿಲೆ ಚೆನ್ನಾಗಿ ಗೊತ್ತಿರುತ್ತಲ್ಲ, ಹಾಗೆ," ಎನ್ನುತ್ತಾರೆ. ಆಮೇಲೆ ಗ್ಯಾರೇಜಿನಲ್ಲಿ ಮೂರು ವರ್ಷ ಕೈ ಮಸಿ ಮಾಡಿಕೊಂಡರು. ಮೊದಮೊದಲು ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಬಚ್ಚಿಟ್ಟು ಆಟ ಆಡಿಸಿದರಂತೆ. ಆ ಮಾತು ಬಂದಾಗ ಇವರ ದವಡೆ ಈಗಲೂ ಬಿಗಿಯುತ್ತದೆ.

"ಹಳೇ ಗಾಡಿ ಕಂಡ್ರೆ ನಿಮಗೆ ಆಗಲ್ವಾ?" ಎಂದು ಕೇಳಿ ಸರಿಯಾಗಿ ಬೈಸಿಕೊಂಡೆ.

"ಯಾರು ಹೇಳಿದ್ದು? ಹಳೇದು ಕೆಟ್ಟದ್ದಲ್ಲ ಸ್ವಾಮೀ, ಸುಳ್ಳು ಕೆಟ್ಟದ್ದು. ಹೋದ ತಿಂಗಳು ಐವತ್ತೆರಡು ವರ್ಷದ ಗಾಡಿಗೆ 'ತಗೊಳ್ಳಿ' ಅಂದೆ. ಬಣ್ಣ ಇಲ್ಲ, ಸೀಟು ಹರಿದಿದೆ, ಆದ್ರೆ ಚಿನ್ನದಂಥ ಗಾಡಿ. ಗಿರಾಕಿ ಮುಖ ಸಿಂಡರಿಸ್ಕೊಂಡು ಹೋದ. ಬಣ್ಣ ಇರೋದನ್ನ ಬೇಡ ಅಂದ್ರೂ ಸಿಟ್ಟು, ಬಣ್ಣ ಇಲ್ಲದ್ದನ್ನ ತಗೋ ಅಂದ್ರೂ ಸಿಟ್ಟು. ನಾನೇನು ಮದುವೆ ಹೆಣ್ಣು ತೋರಿಸ್ತಿದೀನಾ?"

ಇವರ ಸಿಟ್ಟಿಗೆ ಒಂದು ಬೇರು ಇದೆ. ಅದನ್ನು ಇವರು ತಾವಾಗಿ ಹೇಳುವುದಿಲ್ಲ. ಹಿಂದಿನ ದಿನ ಬಿಡಿಭಾಗಗಳ ಅಂಗಡಿಯಲ್ಲಿ ಇವರ ಅಣ್ಣ ಹೇಳಿದ್ದರು. ತಂಗಿ ನಿಂತಿದ್ದ ಕೌಂಟರಿನಲ್ಲಿ ಈಗ ಅವರು ಕೂರುತ್ತಾರೆ, ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. "ನಮ್ಮ ಅಂಗಡಿ ವ್ಯಾಪಾರ ಹಾಳು ಮಾಡ್ತಿರೋಳೇ ಇವಳು. ಕೆಟ್ಟ ಗಾಡಿ ಕೊಳ್ಳೋಕೆ ಬಿಟ್ರೆ ತಾನೇ ನಮ್ಮಲ್ಲಿ ಸಾಮಾನು ಹೋಗೋದು?" ಎಂದು ನಕ್ಕು, ಮಿಕ್ಕಿದ್ದನ್ನು ಹೇಳಿದ್ದರು.

ಒಂಬತ್ತು ವರ್ಷದ ಹಿಂದೆ ಅಣ್ಣನಿಗಾಗಿ ಇದೇ ಅಂಗಳದಲ್ಲಿ ಒಂದು ಟ್ರ್ಯಾಕ್ಟರು ನೋಡಿದವರು ಬೇಡಕ್ಕನೇ. ತಣ್ಣಗಿದ್ದ ಎಂಜಿನ್ನು ಒಂದೇ ಸಲಕ್ಕೆ ಎದ್ದಿತು. ಸದ್ದು ಅಷ್ಟು ಚೆನ್ನಾಗಿತ್ತು. ಅಂಗಳದಲ್ಲಿ ಎರಡು ಸುತ್ತು ಹೊಡೆದು ಬ್ರೇಕ್ ಒತ್ತಿದಾಗ ಗಾಡಿ ನಿಂತಿತು. ಆದರೆ ಅಂಗಳ ಸಪಾಟು, ಅಂಗೈಯಷ್ಟೂ ಇಳಿಜಾರಿಲ್ಲ. ಹಿಂದೆ ಭಾರವೂ ಇರಲಿಲ್ಲ. ಮೂರನೆಯ ದಿನ ಅಣ್ಣ ನೀರಿನ ಟ್ಯಾಂಕರ್ ಕಟ್ಟಿಕೊಂಡು ಏರು ಹತ್ತುವಾಗ ನಿಲ್ಲಿಸಿ, ಒತ್ತಿದ ಬ್ರೇಕು ಬಿಡದಂತೆ ಕೊಂಡಿ ಹಾಕಿ, ಇಳಿದು ಗಾಡಿಯ ಹಿಂದಕ್ಕೆ ಹೋದರು. ಕೊಂಡಿ ಹಿಡಿಯಲಿಲ್ಲ. ಚಕ್ರ ಕಾಲಿನ ಮೇಲೆ ಹಾದುಹೋಯಿತು.

"ನನ್ನಿಂದ ಆಯ್ತು," ಎಂದು ಟಯರಿನ ಮೇಲೆ ಕೂತ ಬೇಡಕ್ಕ ಹೇಳುತ್ತಾರೆ. ಅಣ್ಣನನ್ನು ಭೇಟಿಯಾದೆ ಎಂದು ನಾನು ಬಾಯಿಬಿಟ್ಟಿದ್ದೆ. "ಸದ್ದು ಕೇಳಿ ಮೈಮರೆತೆ. ಅದಿರ್ಲಿ. ಅಣ್ಣ ನಂಗೆ ಬೈಬೇಕಿತ್ತು. ಆಸ್ಪತ್ರೇಲಿ ಎದುರಿಗೆ ನಿಂತೆ, ಬೈ ಅಂತ. ಒಂದು ಮಾತು ಬೈಲಿಲ್ಲ. ಊಟ ಮಾಡಿದ್ಯಾ ಅಂತ ಕೇಳ್ದ." ಅವರು ಫ್ಲಾಸ್ಕಿನ ಮುಚ್ಚಳವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸುತ್ತಾರೆ.

ಎಂಟೂವರೆಗೆ ಎಂಜಿನ್ನು ತಣ್ಣಗಾಗಿದೆ. ಕೀಲಿ ತಿರುವಿದರೆ ನರಳಿಕೆ. ಮತ್ತೆ ನರಳಿಕೆ. ಏಳನೆಯ ಸಲಕ್ಕೆ ಬಿಳಿ ಹೊಗೆ ಎಬ್ಬಿಸಿಕೊಂಡು ಏಳುತ್ತದೆ. ಮೇಷ್ಟ್ರು ಪೆಚ್ಚಾದರೂ ಬಿಟ್ಟುಕೊಡುವುದಿಲ್ಲ. "ವಯಸ್ಸಾಗಿದೆ ಪಾಪ. ನಂಗೂ ಬೆಳಗ್ಗೆ ಏಳೋಕೆ ಹೊತ್ತಾಗುತ್ತೆ."

"ಏಳೋದು ತಡ ಆದ್ರೆ ಪರವಾಗಿಲ್ಲ ಮೇಷ್ಟ್ರೇ. ನಿಲ್ಲೋದು ತಡ ಆಗಬಾರದು."

ಬೇಡಕ್ಕ ತಾವೇ ಸೀಟು ಹತ್ತಿ, ಅಂಗಳದಲ್ಲಿ ಓಡಿಸಿ ಬ್ರೇಕ್ ಒತ್ತುತ್ತಾರೆ. ಗಾಡಿ ಗಕ್ಕನೆ ನಿಲ್ಲುತ್ತದೆ. ದಲ್ಲಾಳಿ ಎದೆ ಉಬ್ಬಿಸುತ್ತಾನೆ. "ನೋಡಿದ್ರಾ?"

"ಕಾಲುವೆ ಏರಿ ಮೇಲೆ ಹತ್ತಿಸಿ ನೋಡ್ಬೇಕು. ಟ್ರೇಲರ್ ಕಟ್ಟು."

"ಗೇಟು ದಾಟಬಾರದು ಅಂತ ಓನರ್ ಹೇಳಿದಾರಕ್ಕಾ. ನಾನೇನ್ ಮಾಡ್ಲಿ?"

ಇದು ಹೊಸ ಮಾತಲ್ಲ. ಗೇಟು ದಾಟಿದರೆ ಇಳಿಜಾರು ಸಿಗುತ್ತದೆ, ಇಳಿಜಾರು ಸಿಕ್ಕರೆ ಬಣ್ಣ ಬಯಲಾಗುತ್ತದೆ. ಬೇಡಕ್ಕ ವಾದಕ್ಕೆ ನಿಲ್ಲದೆ ಟಾರ್ಚು ಹಿಡಿದು ಗಾಡಿಯ ಕೆಳಗೆ ನುಸುಳುತ್ತಾರೆ. ಐದು ನಿಮಿಷ ಕಾಣುವುದು ಎರಡು ಚಪ್ಪಲಿ ಮಾತ್ರ. ಕರಕರ ಕೆರೆಯುವ ಸದ್ದು. ಆಮೇಲೆ ಆ ಸದ್ದು ನಿಲ್ಲುತ್ತದೆ.

"ಮೇಷ್ಟ್ರೇ, ಬಗ್ಗಿ ನೋಡಿ. ನೀನೂ ನೋಡಮ್ಮಾ."

ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಯ ಒಳಬದಿಯಲ್ಲಿ, ಕೆಂಪು ಬಣ್ಣವೂ ಅದರಡಿ ಮೆತ್ತಿದ್ದ ಪುಟ್ಟಿಯೂ ಉದುರಿದ ಜಾಗದಲ್ಲಿ, ಎರಡು ಗುಂಡನೆಯ ಚುಕ್ಕೆಗಳಿವೆ. ಅವು ಬೇಡಕ್ಕನವೇ. ಬ್ರೇಕು ಕೆಟ್ಟು ಬೇಡ ಎಂದ ಪ್ರತಿ ಗಾಡಿಗೂ ಯಾರಿಗೂ ಕಾಣದ ಜಾಗದಲ್ಲಿ ಪಂಚಿನಿಂದ ಒಂದು ಚುಕ್ಕೆ ಹೊಡೆಯುವುದು, ಅಣ್ಣನ ಕಾಲು ಹೋದ ಮೇಲೆ ಶುರುವಾದ ಅಭ್ಯಾಸ. ಮಾಲೀಕರ ಅನುಮತಿ ಕೇಳುತ್ತೀರಾ ಎಂದರೆ, "ಕೇಳಿದ್ರೆ ಬಿಡ್ತಾರಾ?" ಎನ್ನುತ್ತಾರೆ.

"ಆರು ವರ್ಷದ ಹಿಂದೆ ಇದು ಹಸಿರು ಬಣ್ಣದಲ್ಲಿ ಬಂತು. ಬೇಡ ಅಂದೆ. ಮೂರು ವರ್ಷದ ಹಿಂದೆ ನೀಲಿ. ಬೇಡ ಅಂದೆ. ಇವತ್ತು ಕೆಂಪು!" ಮಣ್ಣು ಮೆತ್ತಿದ ಬೆನ್ನು ನೆಟ್ಟಗೆ ಮಾಡಿ ಅವರು ದಲ್ಲಾಳಿಯತ್ತ ತಿರುಗುತ್ತಾರೆ. "ಹಿಂದಿನ ಚಕ್ರದ ಅಚ್ಚಿನ ಕವಚ ಸೀಳಿದೆ. ಬೆಸುಗೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಬಳಿದಿದೀರಿ. ಒಳಗಿಂದ ಆಯಿಲ್ಲು ಸೋರಿ ಬ್ರೇಕಿಗೆ ಇಳಿಯುತ್ತೆ. ನಿನ್ನೆ ಪೆಟ್ರೋಲಲ್ಲಿ ತೊಳೆದಿದೀರಿ, ಅದಕ್ಕೆ ಇವತ್ತು ನಿಲ್ತಿದೆ. ನಾಲ್ಕು ದಿನ ಆದ್ಮೇಲೆ? ಹೇಳೋ! ಆ ಹುಡುಗಿ ಬಾವಿ ಕಡೆ ಇಳೀತಿರೋವಾಗ?"

"ನಂಗೇನ್ ಗೊತ್ತಕ್ಕಾ, ಓನರ್ ಕೊಟ್ರು, ನಾನು ನಿಲ್ಲಿಸಿದೆ..."

"ಮುಚ್ಚು ಬಾಯಿ! ಈ ಚುಕ್ಕೆಗೂ ಆ ಚುಕ್ಕೆಗೂ ಮಧ್ಯೆ ಮೂರು ವರ್ಷ ಯಾರೋ ಇದನ್ನ ಓಡಿಸಿದಾರಲ್ಲ? ಅದಾದ್ಮೇಲೆ ಇನ್ನೊಬ್ರು ಓಡಿಸಿದಾರಲ್ಲ? ಅವರ ಕೈಕಾಲು ನೆಟ್ಟಗಿದೆಯಾ? ಒಂದಿನ ಹೋಗಿ ವಿಚಾರಿಸಿದ್ಯಾ?"

ದಲ್ಲಾಳಿ ಬೀಡಿಗಾಗಿ ಜೇಬು ತಡಕುತ್ತಾನೆ. ನನ್ನ ಮೊಬೈಲಿನಲ್ಲಿದ್ದ ಆ ನಾಲ್ಕು ಚಂದದ ಫೋಟೊ ನೆನಪಾಗಿ ನನಗೇ ನಾಚಿಕೆಯಾಯಿತು.

ಮೇಷ್ಟ್ರು ಮತ್ತೆ ಸೀಟು ಹತ್ತಿ ಸ್ಟೀರಿಂಗ್ ಹಿಡಿದಿದ್ದರು. "ರಿಪೇರಿ ಮಾಡಿಸ್ಕೋತೀನಿ," ಎಂದರು. "ಇಂಥದ್ದು ಮತ್ತೆ ಸಿಗಲ್ಲ. ನಮ್ಮಪ್ಪ ಇಪ್ಪತ್ತು ವರ್ಷ ಓಡಿಸಿದ್ದು ಇದೇ ಮಾದರಿ ಗಾಡಿ."

"ಆ ಕವಚ ಈಗ ಎಲ್ಲೂ ಮಾಡಲ್ಲ ಮೇಷ್ಟ್ರೇ. ಹನ್ನೊಂದು ವರ್ಷ ಕೌಂಟರಲ್ಲಿ ನಿಂತೋಳು ನಾನು, ನನಗೆ ಗೊತ್ತು. ನಿಮ್ಮಪ್ಪ ಓಡಿಸಿದ್ದು ಬ್ರೇಕ್ ಇದ್ದ ಗಾಡಿ."

"ಎಲ್ಲಾದಕ್ಕೂ ಬೇಡ ಅನ್ನೋರನ್ನ ಕರೆಸಿದ್ದೇ ನನ್ನ ತಪ್ಪು!" ಮೇಷ್ಟ್ರು ರೇಗುತ್ತಾರೆ. ದಲ್ಲಾಳಿಯ ಕಡೆ ಕೈ ಚಾಚುತ್ತಾರೆ. "ಕಾಗದ ತೋರ್ಸಪ್ಪಾ."

ಆಗ ಸೊಸೆ ಮುಂದೆ ಬರುತ್ತಾರೆ. ಬೆಳಗಿನಿಂದ ಬೇಡಕ್ಕ ಕೇಳಿದ್ದಕ್ಕೊಂದು ಉತ್ತರ ಕೊಟ್ಟದ್ದು ಬಿಟ್ಟರೆ ತುಟಿ ಬಿಚ್ಚದಿದ್ದವರು ಅವರು. "ಮಾವಾ, ಕೆಳಗಿಳೀರಿ. ಓಡಿಸೋಳು ನಾನು. ನಂಗೆ ಬೇಡ."

ಮೇಷ್ಟ್ರು ಇಳಿಯುತ್ತಾರೆ. ಬೇಡಕ್ಕನ ಮುಖ ನೋಡದೆ ಗೇಟಿನತ್ತ ನಡೆಯುತ್ತಾರೆ. ಸೊಸೆ ಮಾತ್ರ ನಾಲ್ಕು ಹೆಜ್ಜೆ ಹೋಗಿ ಹಿಂದಿರುಗಿ, "ಅಕ್ಕಾ, ಬೇರೇದು ಸಿಕ್ಕಿದ್ರೆ ಹೇಳಿಕಳಿಸ್ತೀನಿ. ತಣ್ಣಗಿದೆಯಾ ಅಂತ ನಾನೇ ಮುಟ್ಟಿ ನೋಡಿ ಕರೀತೀನಿ," ಎಂದು ಓಡುತ್ತಾರೆ.

ಧನ್ಯವಾದ ಯಾರೂ ಹೇಳಲಿಲ್ಲ. ಹೇಳುವುದೂ ಇಲ್ಲವಂತೆ. ಗಾಡಿ ಉರುಳಿ ಯಾರೋ ಸತ್ತರೆ ಪತ್ರಿಕೆಯಲ್ಲಿ ಮೂರು ಸಾಲು ಬರುತ್ತದೆ, ಬರೆಯುವವರು ನಾವೇ. ಉರುಳದೇ ಉಳಿದ ಗಾಡಿಗೆ, ಬಾವಿಗೆ ಬೀಳದೇ ಉಳಿದ ಸೊಸೆಗೆ ಒಂದು ಸಾಲೂ ಇಲ್ಲ. ಬೇಡಕ್ಕನ ಇಷ್ಟು ವರ್ಷದ ದುಡಿಮೆಯೆಲ್ಲ ನಡೆಯದೇ ಹೋದ ಸಂಗತಿಗಳಲ್ಲೇ ಇದೆ. ಅದನ್ನು ಯಾವ ಸಮಾರಂಭದಲ್ಲಿ ಯಾರು ಎತ್ತಿ ತೋರಿಸುತ್ತಾರೆ?

ದಲ್ಲಾಳಿ ಅತ್ತ ತಿರುಗಿದ್ದೇ ತಡ, ಬೇಡಕ್ಕ ಸೀಟಿನ ಕೆಳಗೆ ಕೈ ತೂರಿಸಿ ಟಣ್ ಎಂದು ಮೂರನೆಯ ಚುಕ್ಕೆ ಹೊಡೆಯುತ್ತಾರೆ. ಮುಂದೆ ಯಾವ ಬಣ್ಣದಲ್ಲಿ ಬರುತ್ತದೋ ಎಂದು ನಾನು ನಗಲು ನೋಡಿದೆ. ಅವರು ನಗಲಿಲ್ಲ.

ಹೊರಡುವಾಗ, ನಿಮಗೆ ಇಲ್ಲಿ ಏನು ಬೇಕು ಎಂದು ಕೇಳಿದೆ. ಅವರು ಅಂಗಳದ ಮೂಲೆ ತೋರಿಸಿದರು. ಮುರಿದ ಇಟ್ಟಿಗೆ, ತಗಡು, ಹರಿದ ಟಯರುಗಳ ರಾಶಿ.

"ಅಲ್ಲಿ ಒಂದು ಇಳಿಜಾರು ಬೇಕು. ಮಣ್ಣಿಂದು ಸಾಕು, ಇಪ್ಪತ್ತಡಿ. ಕೊಳ್ಳೋರು ಯಾರೇ ಬರ್ಲಿ, ಭಾರ ಕಟ್ಟಿ ಹತ್ತಿಸಿ, ನಿಲ್ಲಿಸಿ ನೋಡ್ಬಹುದು. ಅಂಗಳ ನೋಡ್ಕೊಳ್ಳೋ ಸಮಿತಿಗೆ ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲಾನೂ 'ಪರಿಶೀಲಿಸಲಾಗುವುದು'. ಏನ್ ಪರಿಶೀಲಿಸ್ತಾರೋ! ಮಣ್ಣು ಸುರಿಯೋಕೆ ಒಂಬತ್ತು ವರ್ಷ ಬೇಕಾ?"

ಆಮೇಲೆ ಚೀಲ ಹೆಗಲಿಗೇರಿಸಿ, ಮುಂದಿನ ಗಾಡಿಯ ಪಕ್ಕೆಗೆ ಅಂಗೈ ಇಟ್ಟು, ನನ್ನತ್ತ ನೋಡದೆಯೇ ಹೇಳಿದರು: "ಅದೊಂದು ಇದ್ದಿದ್ರೆ, ನಮ್ಮಣ್ಣ ಇವತ್ತು ಎರಡೂ ಕಾಲಲ್ಲಿ ನಿಂತು, ಯಾಕೇ ಇಷ್ಟು ಹೊತ್ತು ಮಾಡ್ತೀಯಾ ಅಂತ ನಂಗೆ ಬೈತಿದ್ದ."